ಅಮ್ಮನಿಗೆ ಪೆನ್ ಲೈಸೆನ್ಸ್ ಇಲ್ಲ

ಮೊನ್ನೆ ಗುರುವಾರ ಇಲ್ಲಿ ಲೀಡ್ಸ್‌ನಲ್ಲಿ ಕೌನ್ಸಿಲ್ ಎಲೆಕ್ಷನ್ ಇತ್ತು. ಈ ದೇಶದಲ್ಲಿ ಓಟು ಅಂದರೆ ಗುರುವಾರ. ರಜೆ ಗಿಜೆ ಏನಿಲ್ಲ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಯಾವಾಗ ಬೇಕಾದರೂ ಹೋಗಿ ಹಾಕಬಹುದು. ಮಗನನ್ನು ಸ್ಕೂಲಿನಿಂದ ಕರೆದುಕೊಂಡು ಬರುವಾಗ ಹಾಗೇ ಚರ್ಚ್ ಹಾಲಿಗೆ ಹೋದೆ. ಮಕ್ಕಳನ್ನೂ ಒಳಗೆ ಬಿಡುತ್ತಾರೆ. ಗೂಡಿನಲ್ಲಿ ದಾರ ಕಟ್ಟಿಟ್ಟಿದ್ದ ಗಿಡ್ಡ ಪೆನ್ಸಿಲ್ ಹಿಡಿದು ನಾನು ಕತ್ತರಿ ಗುರುತು ಹಾಕುತ್ತಿದ್ದೆ. ಅವನು ಹಾಲಿಗೆಲ್ಲ ಕೇಳುವ ಹಾಗೆ ಕೇಳಿದ: “ಅಮ್ಮಾ, ನಿಂಗಿನ್ನೂ ಪೆನ್ ಲೈಸೆನ್ಸ್ ಸಿಕ್ಕಿಲ್ವಾ?”

ಕೇಳಿದ್ದು ಕನ್ನಡದಲ್ಲೇ. ಆದರೆ ‘ಪೆನ್ ಲೈಸೆನ್ಸ್’ ಅನ್ನುವುದು ಅಲ್ಲಿ ಯಾರಿಗೆ ಗೊತ್ತಿಲ್ಲ? ಮೇಜಿನ ಹಿಂದೆ ಕೂತಿದ್ದ ಹೆಂಗಸು ಜೋರಾಗಿ ನಕ್ಕುಬಿಟ್ಟರು.

ಇಲ್ಲಿನ ಎಷ್ಟೋ ಪ್ರೈಮರಿ ಸ್ಕೂಲುಗಳಲ್ಲಿ ಮಕ್ಕಳು ಪೆನ್ಸಿಲ್‌ನಲ್ಲೇ ಬರೆಯಬೇಕು. ಅಕ್ಷರ ದುಂಡಗಾಗಿ, ಕೂಡಿಸಿ ಬರೆಯುವುದು ಸರಿಯಾಗಿ ಬಂತು ಅಂತ ಟೀಚರಿಗೆ ಅನ್ನಿಸಿದ ದಿನ ಒಂದು ಕಾರ್ಡು ಕೊಡುತ್ತಾರೆ. ಅದೇ ಪೆನ್ ಲೈಸೆನ್ಸ್. ನನ್ನ ಮಗ ಮೂರನೇ ಕ್ಲಾಸು, ಅವನಿಗೆ ಇನ್ನೂ ಸಿಕ್ಕಿಲ್ಲ. ಅದೇ ದೊಡ್ಡ ಕೊರಗು. ಹಾಗಾಗಿ ಊರಿನ ದೊಡ್ಡವರೆಲ್ಲ ಸಾಲಾಗಿ ಬಂದು ಪೆನ್ಸಿಲ್ ಹಿಡಿದಿದ್ದನ್ನು ನೋಡಿ ಅವನಿಗೆ ಒಳಗೊಳಗೇ ಸಮಾಧಾನ ಆಗಿರಬೇಕು. ಹೊರಗೆ ಬಂದಮೇಲೆ ಇನ್ನೊಂದು ಪ್ರಶ್ನೆ: “ಯಾರಾದ್ರೂ ರಬ್ಬರ್ ತಗೊಂಡು ಅಳಿಸಿದ್ರೆ?”

ಇದನ್ನು ಕೇಳಿದವರಲ್ಲಿ ಅವನೇನೂ ಮೊದಲಿಗನಲ್ಲ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನ ನಡೆದಾಗ ‘ಪೆನ್ನನ್ನೇ ಬಳಸಿ’ ಅನ್ನುವ ಕೂಗು ದೇಶವೆಲ್ಲ ಹಬ್ಬಿತ್ತು. ಗುಪ್ತಚರರು ರಾತ್ರೋರಾತ್ರಿ ಕೂತು ಪೆನ್ಸಿಲ್ ಗುರುತು ಅಳಿಸಿ ಬೇರೆ ಕಡೆ ಹಾಕುತ್ತಾರೆ ಅಂತ. ನಮ್ಮ ಪಕ್ಕದ ಮನೆ ಅಜ್ಜ ಈಗಲೂ ಜೇಬಿನಲ್ಲಿ ಸ್ವಂತ ಪೆನ್ ಇಟ್ಟುಕೊಂಡೇ ಹೋಗುತ್ತಾರೆ. ಹೋಗಲಿ ಬಿಡಿ, ತಪ್ಪೇನಿಲ್ಲ. ಪೆನ್ಸಿಲ್‌ನಲ್ಲೇ ಹಾಕಬೇಕು ಅಂತ ಇಲ್ಲಿ ಕಾನೂನಿಲ್ಲ. ಕೋವಿಡ್ ಸಮಯದಲ್ಲಂತೂ ನಿಮ್ಮ ಪೆನ್ನೋ ಪೆನ್ಸಿಲ್ಲೋ ನೀವೇ ತನ್ನಿ ಅಂತ ಚುನಾವಣೆ ನಡೆಸುವವರೇ ಹೇಳಿದ್ದರು.

ಹಾಗಾದರೆ ಪೆನ್ಸಿಲ್ ಯಾಕೆ? ಕಾರಣ ತೀರಾ ಸಾದಾ. ಓಟು ಹಾಕಿದ ತಕ್ಷಣ ಕಾಗದ ಮಡಚಬೇಕು. ಶಾಯಿ ಹಸಿ ಇದ್ದರೆ ಮಡಿಕೆಯ ಆಚೆ ಇರುವ ಇನ್ನೊಬ್ಬ ಅಭ್ಯರ್ಥಿಯ ಮುಂದೆಯೂ ಗುರುತು ಅಂಟುತ್ತದೆ. ಎರಡು ಗುರುತು ಕಂಡರೆ ಆ ಓಟು ಕುಲಗೆಡುವ ಭಯ. ಪೆನ್ಸಿಲ್ಲಿಗೆ ಆ ರಗಳೆ ಇಲ್ಲ. ಒಣಗುವುದಿಲ್ಲ, ಸೋರುವುದಿಲ್ಲ, ಅಗ್ಗ. ಒಂದು ಎಲೆಕ್ಷನ್ನಿಗೆ ತಂದದ್ದು ಡಬ್ಬಿಯಲ್ಲಿಟ್ಟರೆ ಮುಂದಿನ ಎಲೆಕ್ಷನ್ನಿಗೂ ಬರುತ್ತದೆ. ಅಳಿಸಬೇಕು ಅಂದರೆ ಸೀಲ್ ಮಾಡಿದ ಪೆಟ್ಟಿಗೆ ಒಡೆಯಬೇಕು, ಎಣಿಕೆ ಟೇಬಲ್ಲಿನ ಸುತ್ತ ನಿಂತ ಎಲ್ಲ ಪಕ್ಷದ ಏಜೆಂಟರ ಕಣ್ಣೆದುರು ಸಾವಿರಾರು ಕಾಗದ ಉಜ್ಜುತ್ತ ಕೂರಬೇಕು.

ನಮ್ಮೂರಿಗೆ ಹತ್ತಿರವೇ ಪಾಂಟೆಫ್ರಾಕ್ಟ್ ಅಂತ ಒಂದು ಊರಿದೆ. ಬ್ರಿಟನ್ನಿನಲ್ಲಿ ಗುಟ್ಟಿನ ಮತದಾನದ ಮೂಲಕ ಪಾರ್ಲಿಮೆಂಟಿಗೆ ಮೊದಲ ಎಲೆಕ್ಷನ್ ನಡೆದದ್ದು ಅಲ್ಲೇ, 1872ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ನಿನ್ನ ಓಟು ಯಾರಿಗೆ ಅಂತ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು, ಎದುರಿಗೇ ಜಮೀನುದಾರ ನಿಂತಿರುತ್ತಿದ್ದ. ಅವತ್ತಿನ ಮರದ ಪೆಟ್ಟಿಗೆ ಅಲ್ಲಿನ ಮ್ಯೂಸಿಯಂನಲ್ಲಿದೆ. ಅದಕ್ಕೆ ಅರಗಿನ ಸೀಲು ಹಾಕಿದ್ದು ಯಾವುದರಲ್ಲಿ ಅಂತೀರಿ? ಆ ಊರಿನ ಅತಿಮಧುರದ ಬೇರಿನ ಮಿಠಾಯಿಗೆ ಒತ್ತುವ ಅಚ್ಚಿನಲ್ಲಿ!

ಈಗ ನಮ್ಮ ಕಡೆಗೆ ಬರೋಣ. ಅದೇ 2016ರ ಜೂನ್‌ನಲ್ಲಿ, ಇಲ್ಲಿ ಜನ ಪೆನ್ ಪೆನ್ ಅಂತ ಕೂಗುತ್ತಿದ್ದಾಗ, ಹರಿಯಾಣದಲ್ಲಿ ರಾಜ್ಯಸಭೆ ಚುನಾವಣೆ ನಡೆಯಿತು. ಚುನಾವಣಾ ಸಿಬ್ಬಂದಿ ಕೊಟ್ಟ ಪೆನ್ನು ಬಿಟ್ಟು ಬೇರೆ ಪೆನ್ನಿನ ಶಾಯಿ ಇದೆ ಅಂತ ಕಾಂಗ್ರೆಸ್ ಶಾಸಕರ ಹಲವು ಮತಗಳು ತಿರಸ್ಕೃತವಾದವು. ಕಾಂಗ್ರೆಸ್ ಬೆಂಬಲಿಸಿದ್ದ ಆರ್.ಕೆ. ಆನಂದ್ ಸೋತರು, ಬಿಜೆಪಿ ಬೆಂಬಲದ ಸುಭಾಷ್ ಚಂದ್ರ ಗೆದ್ದರು. ಮರುವರ್ಷ ರಾಷ್ಟ್ರಪತಿ ಚುನಾವಣೆಗೆ ಆಯೋಗ ನಂಬರ್ ಹಾಕಿದ ವಿಶೇಷ ಪೆನ್ನುಗಳನ್ನೇ ತಂದಿತು. ನಮ್ಮ ಪದವೀಧರ ಕ್ಷೇತ್ರದ ಎಲೆಕ್ಷನ್‌ನಲ್ಲೂ ಅಷ್ಟೇ, ಅವರು ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲೇ 1, 2, 3 ಬರೆಯಬೇಕು. ಇಲ್ಲಿ ಸ್ವಂತ ಪೆನ್ ತಂದರೆ ಮಾನ್ಯ, ಅಲ್ಲಿ ತಂದರೆ ಓಟೇ ಹೋಯಿತು. ನನ್ನ ಕೇಳಿದರೆ ಅದು ಸ್ವಲ್ಪ ಅತಿ.

ಆದರೆ ಮಡಚಿದ ಕಾಗದದ ಸಮಸ್ಯೆಗೆ ನಮ್ಮವರು ಕಂಡುಕೊಂಡ ಉತ್ತರದ ಮುಂದೆ ಈ ಪೆನ್ಸಿಲ್ ಏನೂ ಅಲ್ಲ ಅನ್ನುತ್ತೇನೆ. ಅಪ್ಪ ಅರಸೀಕೆರೆ ಕಡೆ ಹೈಸ್ಕೂಲ್ ಮೇಷ್ಟರು. ಇವಿಎಂ ಬರುವ ಮುಂಚಿನಿಂದಲೂ ಎಲೆಕ್ಷನ್ ಡ್ಯೂಟಿ ತಪ್ಪಿದ್ದಿಲ್ಲ. ಬೆಳಿಗ್ಗೆ ಮಸ್ಟರಿಂಗ್ ಅಂತ ಹೋದರೆ ಮಾರನೆಯ ರಾತ್ರಿ ಡಿಮಸ್ಟರಿಂಗ್ ಮುಗಿಸಿ, ಸೊಳ್ಳೆ ಕಚ್ಚಿಸಿಕೊಂಡು, ಗಂಟಲು ಕಟ್ಟಿಕೊಂಡು ಬರುತ್ತಿದ್ದರು. ಒಂದು ಸಲ ಅಮ್ಮ ಬಿಸಿನೀರು ಕಾಯಿಸುವಷ್ಟರಲ್ಲಿ ನನ್ನನ್ನು ಕೂರಿಸಿಕೊಂಡು, ಬ್ಯಾಲೆಟ್ ಪೇಪರಿಗೆ ಒತ್ತುವ ಸ್ವಸ್ತಿಕ್ ಸೀಲಿನ ಗುರುತನ್ನು ಬ್ರಿಲ್ ಶಾಯಿಯಲ್ಲಿ ಬರೆದು ತೋರಿಸಿದರು. ನಾಲ್ಕು ಬಾಣ, ಎಲ್ಲ ಒಂದೇ ಕಡೆ ತಿರುಗಿದಂತೆ. ಶಾಯಿ ಹಸಿ ಇರುವಾಗಲೇ ಹಾಳೆ ಮಡಚಿದರು. ಬಿಚ್ಚಿದರೆ ಆಚೆಯೂ ಒಂದು ಗುರುತು, ಆದರೆ ಬಾಣಗಳು ಉಲ್ಟಾ ತಿರುಗಿವೆ. “ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಹೇಳು ನೋಡೋಣ” ಅಂದರು. ಚಿಕ್ಕ ಹುಡುಗಿ ನಾನೂ ಹೇಳಿದೆ. ಕತ್ತರಿ ಗುರುತು ಹೇಗೆ ಮಡಚಿದರೂ ಕತ್ತರಿಯೇ ಅಲ್ವಾ? ಶಾಯಿ ಬಿಟ್ಟು ಪೆನ್ಸಿಲ್ ಹಿಡಿದರು ಇಲ್ಲಿನವರು. ನಾವು ಶಾಯಿ ಬಿಡಲಿಲ್ಲ, ಗುರುತನ್ನೇ ಬದಲಿಸಿದೆವು. ಅಕ್ಷರ ಬಾರದವರೂ ಒತ್ತಬಹುದು. 2020ರ ಗ್ರಾಮ ಪಂಚಾಯಿತಿ ಎಲೆಕ್ಷನ್‌ನಲ್ಲಿ ಬೀದರ್ ಬಿಟ್ಟು ಉಳಿದ ಕಡೆ ಬ್ಯಾಲೆಟ್ ಪೇಪರೇ ಇತ್ತು, ಇದೇ ಸೀಲಿನ ಕಾಲ ಇನ್ನೂ ಮುಗಿದಿರಲಿಲ್ಲ.

ಇನ್ನು ಬೆರಳಿನ ಶಾಯಿ. ಅದು ನಮ್ಮ ಮೈಸೂರಿನದು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1962ರ ಎಲೆಕ್ಷನ್‌ನಿಂದ ಇಡೀ ದೇಶದ ಬೆರಳಿಗೆ ಅದೇ. ಇಲ್ಲಿ ಬೆರಳಿಗೆ ಏನೂ ಹಚ್ಚುವುದಿಲ್ಲ. ಬರಿಗೈಯಲ್ಲಿ ಮನೆಗೆ ಬರುತ್ತೇನೆ, ಓಟು ಹಾಕಿದೆ ಅಂತ ಅನ್ನಿಸುವುದೇ ಇಲ್ಲ.

ಒಂದು ಮಾತು ಮಾತ್ರ ಚುಚ್ಚುತ್ತದೆ. ನಾನಿನ್ನೂ ಭಾರತದ ಪ್ರಜೆ. ಕಾಮನ್‌ವೆಲ್ತ್ ದೇಶದವರು ವೀಸಾ ಮೇಲೆ ಇದ್ದರೂ ಇಲ್ಲಿ ಓಟು ಹಾಕಬಹುದು, ಪಾರ್ಲಿಮೆಂಟ್ ಎಲೆಕ್ಷನ್‌ನಲ್ಲೂ. 2023ರಿಂದ ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ಅದಕ್ಕೆ ನಮ್ಮ ಪಾಸ್‌ಪೋರ್ಟೇ ಸಾಕು. ಮೂರು ಸಿಂಹದ ಪಾಸ್‌ಪೋರ್ಟ್ ತೋರಿಸಿ ರಾಜನ ನಾಡಿನಲ್ಲಿ ಓಟು ಹಾಕಿ ಬಂದೆ. ಅದೇ ಪಾಸ್‌ಪೋರ್ಟ್ ಇಟ್ಟುಕೊಂಡು ನಮ್ಮ ದೇಶಕ್ಕೆ ಓಟು ಹಾಕಬೇಕೆಂದರೆ ವಿಮಾನ ಹತ್ತಿ ಊರಿನ ಮತಗಟ್ಟೆಗೇ ಹೋಗಬೇಕು. ನಮ್ಮ ಪರವಾಗಿ ಇನ್ನೊಬ್ಬರು ಹಾಕಲಿ ಅನ್ನುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತ್ತು, ರಾಜ್ಯಸಭೆ ದಾಟಲಿಲ್ಲ, ಅಲ್ಲಿಗೇ ಸತ್ತಿತು.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೆನ್ಸಿಲ್ ವಿಷಯ ಅವರು ತಲೆಗೇ ಹಚ್ಚಿಕೊಳ್ಳಲಿಲ್ಲ.

“ಏಜೆಂಟರು ಯಾವ ಕಡೆ ಕೂತಿದ್ರು?”

“ಒಳಗೆ ಯಾರೂ ಇರಲಿಲ್ಲ ಅಪ್ಪ.”

“ಪೊಲೀಸು?”

“ಅವರೂ ಇಲ್ಲ. ಇಬ್ಬರು ಹೆಂಗಸರು, ಒಂದು ಟೀ ಫ್ಲಾಸ್ಕು.”

ಮತಗಟ್ಟೆಯ ಪ್ರಿಸೈಡಿಂಗ್ ಆಫೀಸರ್ ಆಗಿದ್ದ ಅಪ್ಪನಿಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, “ಅದಿರಲಿ, ಫಾರಂ 6ಎ ತುಂಬಿದೀಯೋ ಇಲ್ವೋ?” ಅಂದರು. ಹೊರದೇಶದಲ್ಲಿರುವವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ತುಂಬುವ ಫಾರಂ ಅದು. ನಾನು ಬೆಂಗಳೂರಿನ ಟಿಕೆಟ್ ರೇಟು ಹೇಳಿದೆ. “ರೇಟು ಆಮೇಲೆ, ಮೊದಲು ಲಿಸ್ಟಲ್ಲಿ ಹೆಸರು ಬರಲಿ” ಅಂತ ಗದರಿ, ಫೋನು ಮೊಮ್ಮಗನಿಗೆ ಕೊಡಲು ಹೇಳಿದರು.