ಲಾಗ್ ಮತ್ತು ಇನ್ ನಡುವಿನ ಜಾಗ

ತಂತ್ರಾಂಶವೊಂದರ ಇಂಗ್ಲಿಷ್ ಕೈಪಿಡಿ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಕರಡು ತಿದ್ದುವ ಮೇಡಂ ನನ್ನ ಮೇಜಿಗೆ ತಂದಿಟ್ಟ ಪ್ರತಿಯಲ್ಲಿ ಪುಟಪುಟಕ್ಕೂ ಕೆಂಪು ಗೆರೆ. ‘ಪ್ಲೀಸ್ ಲಾಗಿನ್’ ಎಂದಿದ್ದಲ್ಲೆಲ್ಲ ಲಾಗಿನ್ ಪದವನ್ನು ಸೀಳಿ ‘ಲಾಗ್ ಇನ್’ ಎಂದು ಎರಡಾಗಿಸಿದ್ದರು.

ತಂತ್ರಾಂಶ ಬರೆದ ಹುಡುಗನಿಗೆ ಇದು ಅತಿಯೆನಿಸಿತು. “ಎಲ್ಲರೂ ಸೇರಿಸಿಯೇ ಬರೆಯುತ್ತಾರೆ ಮೇಡಂ, ಯಾರಿಗೆ ಅರ್ಥವಾಗುವುದಿಲ್ಲ?” ಎಂದ.

“ಅರ್ಥದ ಮಾತು ಆಮೇಲೆ. ನಿನ್ನೆ ಮಾಡಿದ್ದನ್ನು ಹೇಳಪ್ಪ. ‘ಐ ಲಾಗಿನ್ಡ್’ ಎನ್ನುತ್ತೀಯಾ?”

“ಇಲ್ಲ, ಲಾಗ್ಡ್ ಇನ್.”

“ಭೂತಕಾಲದ ಪ್ರತ್ಯಯ ನಡುವೆ ಬಂದು ಕುಳಿತಿತಲ್ಲ? ಅದಕ್ಕೇ ಜಾಗ ಬಿಡಬೇಕು.”

ಫ್ರೇಸಲ್ ವರ್ಬ್, ಅಂದರೆ ‘ಇನ್’ನಂಥ ಕಿರುಪದ ಜೊತೆಗೂಡಿದ ಇಂಗ್ಲಿಷ್ ಕ್ರಿಯಾಪದದ ಕುರಿತು ಇಷ್ಟು ಚುಟುಕಾದ ಪಾಠವನ್ನು ನಾನು ಕೇಳಿರಲಿಲ್ಲ. ನಾಮಪದವಾದಾಗ ಮಾತ್ರ ಎರಡೂ ಬೆಸೆದುಕೊಳ್ಳುತ್ತವೆ: ಲಾಗಿನ್ ಪೇಜ್, ಲಾಗಿನ್ ವಿವರ. ಕನ್ನಡದಲ್ಲಿ ನಮಗೆ ಈ ತಾಪತ್ರಯವಿಲ್ಲ. ಲಾಗಿನ್ ಆದೆ, ಲಾಗಿನ್ ಆಗುತ್ತೇನೆ ಎಂದು ಕಾಲದ ಹೊರೆಯನ್ನೆಲ್ಲ ‘ಆಗು’ವಿನ ತಲೆಗೆ ಕಟ್ಟಿ ನಿಶ್ಚಿಂತರಾಗಿದ್ದೇವೆ.

ಹುಡುಗ ಸುಮ್ಮನಾಗಲಿಲ್ಲ. “ಲಾಗ್ ಎಂದರೆ ಮರದ ದಿಮ್ಮಿ. ಅದಕ್ಕೂ ಪಾಸ್‌ವರ್ಡಿಗೂ ಏನು ನಂಟು?” ಎಂದು ಕೇಳಿದ. ತಮಾಷೆಗೆ ಕೇಳಿದ್ದು, ಆದರೆ ನಂಟು ನಿಜಕ್ಕೂ ಮರದ ತುಂಡಿನದೇ. ಆ ಕಥೆ ನನಗೆ ಇಷ್ಟವಾದದ್ದು. ಕೆಲಸ ಬದಿಗಿಟ್ಟು ಹೇಳತೊಡಗಿದೆ.

ಹಾಯಿಹಡಗುಗಳ ಕಾಲದಲ್ಲಿ ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಅದರ ಹೆಸರೇ ಲಾಗ್. ತುಂಡು ಹೆಚ್ಚುಕಡಿಮೆ ಬಿದ್ದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗದುದ್ದಕ್ಕೂ ಸಮ ಅಂತರದಲ್ಲಿ ಗಂಟುಗಳು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ ಹಡಗಿನ ವೇಗ ಅಷ್ಟು ‘ನಾಟ್’, ಅಂದರೆ ಅಷ್ಟು ಗಂಟು. 28 ಸೆಕೆಂಡಿನ ಗಡಿಯಾರಕ್ಕೆ ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ ಬಿಡುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಒಂದು ನಾಟ್ ಎಂದರೆ ತಾಸಿಗೆ ಒಂದು ನಾವಿಕ ಮೈಲಿ, ಇಂದಿನ 1.852 ಕಿಲೋಮೀಟರ್. ಆ ಸಂಖ್ಯೆಯನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ ಆಯಿತು. ಬರಬರುತ್ತಾ ಬುಕ್ ಉದುರಿಹೋಗಿ, ಲಾಗ್ ಎಂದರೇ ದಾಖಲೆ, ದಾಖಲಿಸುವುದು ಎಂಬ ಅರ್ಥ ನಿಂತಿತು.

1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಗಳು ಬಂದವು. ಯಂತ್ರದ ಸಮಯ ಬಲು ದುಬಾರಿ. ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕ ಬೇಕಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಟಿಎಸ್‌ಎಸ್ ಎಂಬ ಇಂಥದೊಂದು ವ್ಯವಸ್ಥೆಯಲ್ಲಿ ಕೆಲಸ ಶುರುಮಾಡಲು ಕೊಡಬೇಕಿದ್ದ ಆದೇಶ ‘ಲಾಗಿನ್’. ಬಾಗಿಲು ತೆರೆಯುವುದಕ್ಕಿಂತ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವುದಕ್ಕೇ ಈ ಪದ ಹತ್ತಿರ ಎಂದು ನನಗನ್ನಿಸುತ್ತದೆ. 1969ರ ಅಕ್ಟೋಬರ್ 29ರ ರಾತ್ರಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಇದೇ ಪದ ಕಳುಹಿಸಲು ಹೊರಟ. ಎಲ್, ಒ ಎಂಬ ಎರಡು ಅಕ್ಷರ ತಲುಪುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಇಂದಿನ ಇಂಟರ್ನೆಟ್ಟಿನ ಪೂರ್ವಜ ಎನ್ನಬಹುದಾದ ಅರ್ಪಾನೆಟ್ ಜಾಲದಲ್ಲಿ ಹೋದ ಮೊದಲ ಸಂದೇಶ ಅದು.

“ಇನ್ ತನಕ ಬರಲೇ ಇಲ್ಲವಲ್ಲ!” ಎಂದು ಮೇಡಂ ನಕ್ಕರು.

ನಮ್ಮ ಜಗಳ ಇನ್ನೂ ಬಾಕಿಯಿತ್ತು. ‘ಲಾಗ್ ಇಂಟು’ ಎಂದಿದ್ದ ಕಡೆಗಳಲ್ಲಿ ಅವರು ‘ಲಾಗ್ ಇನ್ ಟು’ ಎಂದು ಮೂರು ಪದ ಮಾಡಿದ್ದರು. ‘ಇಂಟು’ವನ್ನು ನಿಘಂಟುಗಳೂ ಒಪ್ಪಿವೆ ಎಂದು ನಾನು ಪಟ್ಟು ಹಿಡಿದೆ. ಇನ್ ಸೇರಬೇಕಾದದ್ದು ಲಾಗ್‌ಗೆ, ಈಗ ತಾನೇ ನೀವೇ ಹೇಳಿದಿರಿ ಎಂದು ಅವರು ನನ್ನ ಕಥೆಯನ್ನೇ ನನಗೆ ತಿರುಗಿಸಿದರು. ಪದ ಹುಟ್ಟಿದ ಬಗೆಗಿಂತ ಜನ ಬಳಸುವ ಬಗೆ ಮುಖ್ಯ ಎಂಬುದು ಈಗಲೂ ನನ್ನ ವಾದ. ಆದರೂ ಕೈಪಿಡಿಯುದ್ದಕ್ಕೂ ಒಂದೇ ರೂಪವಿರಲಿ ಎಂದು ಅವರ ತಿದ್ದುಪಡಿಯನ್ನೇ ಉಳಿಸಿಕೊಂಡೆವು. ಅಷ್ಟರಲ್ಲಿ ಹುಡುಗನಿಗೆ ಪರದೆಯ ಮೇಲಿನ ಗುಂಡಿ ನೆನಪಾಯಿತು. ಅದರ ಮೇಲೂ ‘ಲಾಗಿನ್’ ಎಂದೇ ಇತ್ತು. ಅದೂ ಒತ್ತುವವರಿಗೆ ಹೇಳುವ ಕ್ರಿಯೆಯೇ ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರಿಂದ, ಗೊಣಗುತ್ತಲೇ ತಂತ್ರಾಂಶ ತಿದ್ದಲು ಎದ್ದು ಹೋದ.