ಬಾಣಂತಿ ಬೆಕ್ಕು

"ಮರಿಗಳನ್ನು ಆಮೇಲೆ ನೋಡುವ, ಮೊದಲು ಬಾಣಂತಿಗೆ ಎಂತ ಆಗಿದೆ ನೋಡು" ಎಂದದ್ದು ನಮ್ಮ ಅತ್ತೆ. ಆ ಒಂದು ಮಾತು ಆಗ ಕಿವಿಗೆ ಬೀಳದಿದ್ದರೆ ನಾನೂ ಎಲ್ಲರಂತೆ ಮರಿಗಳ ಹಿಂದೆಯೇ ಬೀಳುತ್ತಿದ್ದೆ.

ಜುಲೈ ಎರಡನೇ ವಾರ. ಉಡುಪಿಯ ಮಲ್ಪೆ ಹತ್ತಿರದ ಕಲ್ಮಾಡಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ, ಅದಕ್ಕೆ ತಾಗಿಯೇ ಮನೆ. ಮೂರು ದಿನ ಬಿಡದೆ ಹೊಡೆದ ಮಳೆಯಲ್ಲಿ ಅಂಗಡಿಯ ಹಿಂದೆ ಬಿದ್ದಿದ್ದ, ಮೀನು ತುಂಬುವ ಹಳೆ ಥರ್ಮಾಕೋಲ್ ಬಾಕ್ಸಿನೊಳಗೆ ಈ ಬೆಕ್ಕು ಮಲಗಿತ್ತು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ. ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ಮೂರು ಮರಿಗಳು. ಅಂಗಳದ ನೀರು ಬಾಕ್ಸಿನ ಅಂಚಿಗೆ ಬಂದಿತ್ತು. ಕೈ ಹಾಕಿದರೆ ಅದು ಬುಸ್ ಎನ್ನಲೂ ಇಲ್ಲ. ಮರಿ ಹಾಕಿದ ಬೆಕ್ಕು ಪರಚದೆ ಸುಮ್ಮನಿದೆ ಎಂದರೆ ಅದರ ಕೈಯಲ್ಲಿ ಏನೂ ಆಗುವುದಿಲ್ಲ ಎಂದೇ ಅರ್ಥ.

ರವಿಕೆ ಕೊಡಲು ಬಂದವರೆಲ್ಲ ಅಯ್ಯೋ ಪಾಪ ಎಂದು ಮರಿಗಳನ್ನು ಎತ್ತಿ ನೋಡಿದರು. "ಮರಿಗಳನ್ನು ಬೇರೆ ಮಾಡಿ ಹಾಲು ಕುಡಿಸಿ, ತಾಯಿ ಹೇಗೂ ಉಳಿಯುವ ಹಾಗೆ ಕಾಣುವುದಿಲ್ಲ" ಎಂದರು ಒಬ್ಬರು. ಒಳಗಿನಿಂದ ಅತ್ತೆ ಆಗಲೇ ಹಾಗೆ ಹೇಳಿದ್ದು.

ಪಶುವೈದ್ಯರ ಮೇಜಿನ ಮೇಲೆ ತಾಯಿಯ ತೂಕ 2 ಕಿಲೋ 300 ಗ್ರಾಂ. ಜ್ವರ 104.6 ಡಿಗ್ರಿ, ಬೆಕ್ಕಿಗೆ 102.5ರವರೆಗೆ ಸಹಜ. ಡಾಕ್ಟರು ಹೊಟ್ಟೆಯ ಕೂದಲು ಸರಿಸಿ ತೋರಿಸಿದರು. ಹಿಂದಿನ ಎಡ ಮೊಲೆ ಹಣ್ಣಡಿಕೆಯಷ್ಟು ಊದಿ, ಗಟ್ಟಿಯಾಗಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೆಲ್ಲಗೆ ಒತ್ತಿದಾಗ ಹಾಲಿನ ಜೊತೆ ಕೀವು ಬಂತು. ಹಸುಗಳಿಗೆ ಬರುವ ಅದೇ ಕೆಚ್ಚಲು ಬಾವು. ಆ ನೋವಿನಲ್ಲೂ ಅದು ಮರಿಗಳ ಕಡೆಗೆ ಹೊಟ್ಟೆ ತಿರುಗಿಸಿಯೇ ಮಲಗಿತ್ತಲ್ಲ ಎಂದು ನನಗೆ ಅಳು ಬಂತು.

ಆಂಟಿಬಯೋಟಿಕ್ ಇಂಜೆಕ್ಷನ್, ಚರ್ಮದಡಿಗೆ ಸಲೈನ್, ಮನೆಯಲ್ಲಿ ಏಳು ದಿನ ಕುಡಿಸಲು ಔಷಧಿ. ದಿನಕ್ಕೆ ನಾಲ್ಕು ಸಲ ಬಿಸಿನೀರಿನ ಬಟ್ಟೆಯ ಶಾಖ. ಜ್ವರಕ್ಕೆ ಮಕ್ಕಳ ಪ್ಯಾರಾಸಿಟಮಾಲ್ ಹನಿ ಹಾಕಿ ಎಂದು ಪರಿಚಯದವರೊಬ್ಬರು ಹೇಳಿದ್ದರು. ಕೇಳಿದ್ದೇ ಡಾಕ್ಟರು ಬೆಚ್ಚಿಬಿದ್ದರು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿಯಿಲ್ಲ. ನಾವು ನುಂಗುವ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಬೆಕ್ಕು ಸಾಕುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮನೆಗೆ ತಂದು ಬಚ್ಚಲೊಲೆಯ ಹತ್ತಿರ ಅದೇ ಥರ್ಮಾಕೋಲ್ ಬಾಕ್ಸನ್ನು ತೊಳೆದು ಒಣಗಿಸಿ ಇಟ್ಟೆ. ಐಸು ಕರಗದಂತೆ ಕಾಯುವ ಬಾಕ್ಸು ಬಿಸಿಯನ್ನೂ ಕಾಯುತ್ತದೆ. ತಳಕ್ಕೆ ಹಳೆ ಬೈರಾಸು (ಟವೆಲು), ಒಂದು ಮೂಲೆಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಪಕ್ಕದ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಮರಿಗಳನ್ನು ತೂಗಿದೆವು: 112, 104, 83 ಗ್ರಾಂ. ಹುಟ್ಟುವಾಗಲೇ ನೂರರ ಆಸುಪಾಸಿನಲ್ಲಿದ್ದು ದಿನಕ್ಕೆ ಹತ್ತು ಗ್ರಾಂ ಆದರೂ ಏರಬೇಕಾದ ಜೀವಗಳು.

83ರ ಮರಿಯ ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಮೈ ತಣ್ಣಗಿರುವ ಮರಿಗೆ ಹಾಲು ಕೊಡಬಾರದು, ಕರುಳು ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ಬೋಟಿಗೆ ರಜೆಯಾದ್ದರಿಂದ ನಮ್ಮವರು ಮನೆಯಲ್ಲೇ ಇದ್ದರು. ಒಂದು ಗಂಟೆ ಅದನ್ನು ಬರಿ ಎದೆಗೆ ಒತ್ತಿ ಹಿಡಿದು, ಮೇಲೆ ಕಂಬಳಿ ಹೊದ್ದು ಕುಳಿತರು. ಬೆಚ್ಚಗಾದ ಮೇಲೆ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕರಗಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಹನಿ. ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆ ಅಡಿಯಾಗಿಯೇ ಇಟ್ಟು ಕುಡಿಸಬೇಕು. ಎರಡೆರಡು ಗಂಟೆಗೊಮ್ಮೆ. ನೆಕ್ಕಿ ಉಚ್ಚೆ ಹೊಯ್ಯಿಸಲೂ ತಾಯಿಗೆ ತ್ರಾಣವಿರಲಿಲ್ಲ; ಹಳೆ ಪಂಚೆಯ ತುಂಡನ್ನು ಬಿಸಿನೀರಿಗೆ ಅದ್ದಿ ನಾನೇ ಒರೆಸುತ್ತಿದ್ದೆ.

ಎರಡನೇ ಬೆಳಗಿನ ಜಾವ 112ರ ಗಟ್ಟಿ ಮರಿಯೇ ಹೋಯಿತು. ರಾತ್ರಿ ಹನ್ನೊಂದಕ್ಕೆ ಚೆನ್ನಾಗಿ ಕುಡಿದಿತ್ತು. ತಾಯಿ ಅದನ್ನು ಬಹಳ ಹೊತ್ತು ಮೂಸುತ್ತಿತ್ತು. ನಮ್ಮವರು ತೆಂಗಿನ ಬುಡದಲ್ಲಿ ಹೂತು ಬಂದರು.

ತಾಯಿ ಮಾತ್ರ ಏನನ್ನೂ ಮುಟ್ಟಲಿಲ್ಲ. ಬೆಕ್ಕು ಹಲವು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಇನ್ನೊಂದು ರೋಗ ಶುರುವಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತೆಗೆ ಬಾಣಂತಿ ಎಂದರೆ ಬೆಳ್ಳುಳ್ಳಿ. ನನ್ನ ಎರಡೂ ಬಾಣಂತನದಲ್ಲಿ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ತಿನ್ನಿಸಿ ಹಾಲು ಬರಿಸಿದ ಕೈ ಅದು. ಬೆಕ್ಕಿಗೂ ಜಜ್ಜಲು ಕುಳಿತಿದ್ದರು. ಬೆಳ್ಳುಳ್ಳಿ, ನೀರುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ ಎಂದಾಗ ಅವರಿಗೆ ನಂಬುವುದೇ ಕಷ್ಟವಾಯಿತು. "ಹಾಗಾದರೆ ಮೀನಿನ ನೀರು ಕೊಡುವ" ಎಂದರು.

ಆದರೆ ಮೀನು ಎಲ್ಲಿಂದ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರ ಹತ್ತಿರ ಹೋಗಿ ನಮ್ಮವರು ನಾಲ್ಕು ಬೂತಾಯಿ ಮೀನು ತಂದರು. ಉಪ್ಪು, ಮೆಣಸು ಯಾವುದೂ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಉಗುರುಬೆಚ್ಚಗೆ ಇರುವಾಗಲೇ ಅದರ ಮೂಗಿನ ಹತ್ತಿರ ಹಿಡಿದೆ. ಬೆಕ್ಕು ಉಣ್ಣುವುದು ಮೂಗಿನಿಂದ. ತಣ್ಣಗಿನ ಮೀನಿಗೆ ಅದಕ್ಕೆ ವಾಸನೆಯೇ ಸಾಲದು. ಮೊದಲು ಮೀಸೆ ಅಲುಗಿತು. ಆಮೇಲೆ ತಲೆ ಎತ್ತದೆಯೇ ನಾಲಿಗೆ ಚಾಚಿ ನನ್ನ ಬೆರಳು ನೆಕ್ಕಿತು. ಒರಟು ನಾಲಿಗೆ, ಜ್ವರಕ್ಕೆ ಸುಡುತ್ತಿತ್ತು. ಮತ್ತೆ ನೆಕ್ಕಿತು. ಬಟ್ಟಲು ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು, ಅತ್ತೆ ಅಲ್ಲಿಂದ ಏಳಲಿಲ್ಲ.

ಐದನೇ ದಿನ ಜ್ವರ 101.8. ಕೀವಿನ ಮೊಲೆ ಬಿಟ್ಟು ಉಳಿದವುಗಳಲ್ಲಿ ಹಾಲು ಇಳಿಯಿತು. ಮರಿಗಳಿಗೆ ಹೆಚ್ಚಾಗಿ ತಮ್ಮದೇ ಒಂದೊಂದು ಮೊಲೆ ಇರುತ್ತದೆ ಎಂದು ಆಗಲೇ ನನಗೆ ಗೊತ್ತಾದದ್ದು. ಸಣ್ಣದು ಕುರುಡುಗಣ್ಣಿನಲ್ಲೇ ತಡಕುತ್ತಾ, ಇನ್ನೊಂದನ್ನು ಹತ್ತಿ ದಾಟಿ, ತನ್ನದಕ್ಕೇ ಹೋಗಿ ಬಾಯಿ ಹಾಕುತ್ತಿತ್ತು. ಎರಡೂ ಮುಂಗೈಗಳಿಂದ ಹಿಟ್ಟು ನಾದಿದ ಹಾಗೆ ಹೊಟ್ಟೆ ಒತ್ತುವುದು, ತಾಯಿಯ ಗುರುಗುರು. ಸಿರಿಂಜ್ ತೊಳೆದು ಎತ್ತಿಟ್ಟೆ.

ಉಳಿದೆರಡರಲ್ಲಿ ದೊಡ್ಡ ಮರಿ ಈಗ ತಕ್ಕಡಿಯ ಅಂಗಡಿಯವರ ಮನೆಯಲ್ಲಿ ಉಂಟು. ಹಾಲು ಬಿಡಿಸಿ, ಮೊಲೆಗಳು ಒಣಗಿದ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಮರಿಗೆ ಹಾಲು ಕೊಡುತ್ತಿರುವಾಗಲೇ ಬೆಕ್ಕು ಮತ್ತೆ ಬಸುರಾಗಬಹುದು, ಅದಕ್ಕೇ ಅಷ್ಟು ದಿನವೂ ಹೊರಗೆ ಬಿಟ್ಟಿರಲಿಲ್ಲ.

ಆಗಸ್ಟ್ ಮೊದಲ ವಾರ, ರಜೆ ಮುಗಿದು ನಮ್ಮವರು ಬೋಟಿಗೆ ಹೊರಟ ಬೆಳಿಗ್ಗೆ ಬಾಕ್ಸು ಖಾಲಿಯಿತ್ತು. ಬಚ್ಚಲು, ಅಟ್ಟ, ಸೌದೆ ಕೊಟ್ಟಿಗೆ ಎಲ್ಲ ಹುಡುಕಿದೆ. ಕೈಕಾಲು ನಡುಗುತ್ತಿತ್ತು. ಕೊನೆಗೆ ಅಂಗಡಿಯ ಬಾಗಿಲು ತೆಗೆದರೆ ಹೊಲಿಗೆ ಮೆಷಿನಿನ ಪಕ್ಕದ ಕೆಳಗಿನ ಕಪಾಟಿನಲ್ಲಿ, ಲೈನಿಂಗ್ ಬಟ್ಟೆಯ ರಾಶಿಯ ಮೇಲೆ ತಾಯಿ, ಎರಡು ಮರಿ, ಮೂರೂ ಇದ್ದವು. ಒಂದೊಂದನ್ನೇ ಕುತ್ತಿಗೆ ಕಚ್ಚಿ ಹೊತ್ತು ತಂದಿತ್ತು, ತಿಂಗಳ ಹಿಂದೆ ತಲೆ ಎತ್ತಲಾಗದಿದ್ದ ಬೆಕ್ಕು. ನಾನು ಬಗ್ಗಿ ಕೈ ಚಾಚಿದೆ. ಬುಸ್ ಎಂದಿತು.

ಗಿರಾಕಿಯ ರೇಷ್ಮೆ ಸೀರೆಯೊಂದು ಅಲ್ಲೇ ಇತ್ತು. ಅದನ್ನು ಮೆಲ್ಲಗೆ ಎಳೆದು ಮೇಲಿನ ಕಪಾಟಿಗೆ ಇಟ್ಟೆ.