ಹನ್ನೊಂದನೇ ಗಾಜಿಗೆ ಜೇನು ಒಲಿಯಿತು

ಕೊನೆಗೂ ಬಂತು! ನಾಲ್ಕು ದಿನ ಡಬ್ಬಿಯಲ್ಲಿ ಕೂತಿದ್ದ ಪ್ಲೇಟಿನ ಮೇಲೆ, ಅಂದರೆ ಹಳೇ ಕಾಲದಲ್ಲಿ ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಮೇಲೆ, ಚಿತ್ರ ಬಂತು. ಇದು ಹನ್ನೊಂದನೆಯದು. ಮೊದಲಿನ ಹತ್ತು ಇಂಗ್ಲೆಂಡಿನ ಸ್ವಿಂಡನ್ನಿನ ನಮ್ಮ ಶೆಡ್ಡಿನ ಮೂಲೆಯಲ್ಲಿ ಒರಗಿಕೊಂಡು ನನ್ನನ್ನು ಅಣಕಿಸುತ್ತಿವೆ.

ನಾನು ಬೆನ್ನು ಹತ್ತಿರುವುದು ನೆವಿಲ್ ಸ್ಟೋರಿ ಮ್ಯಾಸ್ಕೆಲಿನ್ ಅವರನ್ನು. 1857ರಿಂದ 1880ರವರೆಗೆ ಬ್ರಿಟಿಷ್ ಮ್ಯೂಸಿಯಂನ ಖನಿಜ ವಿಭಾಗ ನೋಡಿಕೊಂಡವರು. ಕಲ್ಲು ಅವರ ಕಸುಬು, ಫೋಟೋ ಅವರ ಹುಚ್ಚು. ಅವರ ಬ್ಯಾಸೆಟ್ ಡೌನ್ ಮನೆ ಇದ್ದದ್ದು ನಮ್ಮೂರಿನ ಹತ್ತಿರವೇ. ಹೆಂಡತಿ ಥೆರೀಝಾ ಮದುವೆಗೆ ಮುಂಚೆಯೇ ಅಪ್ಪನ ಜೊತೆ ಸೇರಿ ಚಂದ್ರನ ಫೋಟೋ ತೆಗೆದಾಕೆ. ಆ ಅಪ್ಪ ಜಾನ್ ಡಿಲ್ವಿನ್ ಲೆವೆಲಿನ್. ಅಳಿಯ, ಮಗಳು, ಮಾವ ಮೂವರಿಗೂ ಒಂದೇ ಗೀಳು. ಈ ಕುಟುಂಬದ ಆಲ್ಬಂಗಳು, ದಿನಚರಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಬಗ್ಗೆ ಓದಿ ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ.

ಕೊಲೋಡಿಯನ್ ಪ್ಲೇಟಿನ ಗೋಳು ಕೇಳಿ. ಗಾಜಿಗೆ ಕೊಲೋಡಿಯನ್ ಅನ್ನುವ ಅಂಟು ದ್ರವ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ (ಸಿಲ್ವರ್ ಬಾತ್) ಅದ್ದಿದರೆ ಅದಕ್ಕೆ ಬೆಳಕು ಹಿಡಿಯುವ ಗುಣ ಬರುತ್ತದೆ. ಹತ್ತು ನಿಮಿಷದೊಳಗೆ ಎಲ್ಲ ಮುಗಿಯಬೇಕು, ಒಣಗಿದರೆ ಕಥೆ ಮುಗೀತು. ಮಾವ ಲೆವೆಲಿನ್ 1856ರಲ್ಲಿ ಅದಕ್ಕೆ ಆಕ್ಸಿಮೆಲ್ ಅನ್ನುವ ಉಪಾಯ ಹುಡುಕಿದರು. ಜೇನುತುಪ್ಪ ಮತ್ತು ವಿನೆಗರ್ ಸೇರಿಸಿ ಪ್ಲೇಟಿನ ಮೇಲೆ ಸುರಿದರೆ ಪದರ ಒಣಗುವುದಿಲ್ಲ. ದಿನಗಟ್ಟಲೆ ಇಟ್ಟು ಬಳಸಬಹುದು. ಹೇಳೋಕೆ ಇಷ್ಟೇ.

ನನ್ನ ಹತ್ತೂ ಪ್ಲೇಟುಗಳು ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಬಿದ್ದ ಕೂಡಲೇ ಇಡಿಯಾಗಿ ಕಪ್ಪಾದವು. ಚಿತ್ರವಿಲ್ಲ, ಬರೀ ಮಸಿ. ಮೊದಲು ಬೈದಿದ್ದು ವಿನೆಗರಿಗೆ. ಕಂದು ಮಾಲ್ಟ್ ವಿನೆಗರ್ ಬಿಟ್ಟು ಅಸಿಟಿಕ್ ಆಸಿಡ್ ತರಿಸಿದೆ. ಮಸಿ ಹೋಗಲಿಲ್ಲ. ಆಮೇಲೆ ಜೇನಿಗೆ ಬೈದೆ. ಮೂರು ಬಗೆಯ ಜೇನು ಖಾಲಿಯಾಯಿತು. "ರೀ, ಪಂಚಾಮೃತಕ್ಕೆ ಹಾಲು ಮೊಸರು ಸೇರಿಸೋದೊಂದೇ ಬಾಕಿ ಅಲ್ವಾ?" ಅಂದಳು ಹೆಂಡತಿ. ಈ ನಡುವೆ ಕೊಲೋಡಿಯನ್ ಮುಗಿಯಿತು. ಅದರಲ್ಲಿ ಬೇಗ ಬೆಂಕಿ ಹತ್ತುವ ಈಥರ್ ಇದೆಯೆಂದು ಮಾರುವವನು ಎರಡು ವಾರ ಸತಾಯಿಸಿದ. ಕೊನೆಗೆ ಬಂದ ಬಾಟಲಿಯ ಮುಚ್ಚಳ ಸಡಿಲ! ಪಾರ್ಸೆಲ್ ಬಿಚ್ಚಿದರೆ ಆಪರೇಷನ್ ಥಿಯೇಟರಿನ ವಾಸನೆ.

ಉತ್ತರ ಹೊಳೆದದ್ದು ಪಾತ್ರೆ ತೊಳೆಯುವಾಗ. ಪಿಯುಸಿ ಲ್ಯಾಬಿನಲ್ಲಿ ಗ್ಲೂಕೋಸ್ ಸಕ್ಕರೆಯಿಂದ ಟೆಸ್ಟ್‌ಟ್ಯೂಬಿಗೆ ಬೆಳ್ಳಿ ಕನ್ನಡಿ ಹಿಡಿಸುತ್ತಿದ್ದೆವಲ್ಲ? ಇಲ್ಲೂ ಅದರದ್ದೇ ಆಟ. ಸಿಲ್ವರ್ ಬಾತಿನಿಂದ ತೆಗೆದ ಪ್ಲೇಟಿನಲ್ಲಿ ಸಿಲ್ವರ್ ನೈಟ್ರೇಟ್ ಉಳಿದಿದ್ದರೆ, ಜೇನಿನ ಸಕ್ಕರೆ ಕತ್ತಲಲ್ಲೇ ಅದರಿಂದ ಬೆಳ್ಳಿ ಬಿಡಿಸುತ್ತದೆ. ಆ ಬೆಳ್ಳಿಯ ಪುಡಿಯೇ ನನ್ನ ಮಸಿ. ಆಸಿಡ್ ಆ ಕೆಲಸವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಾನು ಜಿಪುಣತನದಿಂದ ಒಂದೇ ಸಲ ಜಾಲಿಸಿ ಬಿಡುತ್ತಿದ್ದೆ.

ಈ ಸಲ ಡಿಸ್ಟಿಲ್ಡ್ ನೀರಿನ ಮೂರು ಟ್ರೇ, ಒಂದೊಂದರಲ್ಲಿ ಐದು ನಿಮಿಷ. ನಲ್ಲಿ ನೀರು ಬೇಡವೇ ಬೇಡ, ಅದರ ಕ್ಲೋರೈಡಿಗೆ ಬೆಳ್ಳಿ ಹಾಲಿನಂತೆ ಒಡೆಯುತ್ತದೆ. ಮೇಲಿನ ಎಣ್ಣೆಯಂಥ ಗೆರೆಗಳು ಪೂರ್ತಿ ಹೋದ ಮೇಲೆ ಜೇನು. ಪದರದ ಅಂಚು ಏಳದಿರಲೆಂದು ಗಾಜಿನ ಸುತ್ತ ಮೊದಲೇ ಮೊಟ್ಟೆಯ ಬಿಳಿ ಸವರಿದ್ದೆ. ಹಸಿ ಪ್ಲೇಟಿಗೆ 12 ಸೆಕೆಂಡು ಸಾಕಾಗುವ ಬೆಳಕಿನಲ್ಲಿ ಇದಕ್ಕೆ ಸುಮಾರು ಒಂದು ನಿಮಿಷ ಕೊಟ್ಟೆ. ಜೇನು ತೊಳೆದು ಪೈರೋ ಡೆವಲಪರ್ ಸುರಿದೆ. ಮೊದಲು ಏನೂ ಇಲ್ಲ. ಆಮೇಲೆ ಕಲ್ಲಿನ ಒಂದು ಅಂಚು, ಅದರ ಪಕ್ಕ ಇನ್ನೊಂದು. ಉಸಿರು ಬಿಡೋದೇ ಮರೆತಿದ್ದೆ.

ಮುಂದಿನದು ಈಗಲೇ ತಲೆಯಲ್ಲಿ ಕೊರೆಯುತ್ತಿದೆ. ಮ್ಯಾಸ್ಕೆಲಿನ್ ಉಲ್ಕಾಶಿಲೆಗಳ ತೆಳು ಸೀಳುಗಳನ್ನು ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದವರು. 1852ರಲ್ಲಿ ಉತ್ತರ ಪ್ರದೇಶದ ಬಸ್ತಿ ಹತ್ತಿರ ಬಿದ್ದ ಕಲ್ಲಿನಲ್ಲಿ ಓಲ್ಡ್‌ಹಮೈಟ್ ಅನ್ನುವ ಖನಿಜ ಕಂಡವರೂ ಅವರೇ. ಅದು ಕ್ಯಾಲ್ಸಿಯಂ ಸಲ್ಫೈಡ್. ತೇವ ತಗುಲಿದರೆ ಹಾಳಾಗುತ್ತದೆ, ಥೇಟ್ ನನ್ನ ಪ್ಲೇಟುಗಳ ಹಾಗೆ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಮಂಗಳ ಗ್ರಹದ ಕಲ್ಲು. ಅದರಲ್ಲಿರುವ ಗಾಜಿನಂಥ ವಸ್ತುವಿಗೆ ಅವರದ್ದೇ ಹೆಸರು, ಮ್ಯಾಸ್ಕೆಲಿನೈಟ್. ಮಂಗಳ ನನ್ನ ಜೇಬಿಗೆ ಎಟುಕಲ್ಲ. ಬಸಾಲ್ಟ್ ಕಲ್ಲಿನ ಸೀಳು ಸಾಕು, ಹಳೇ ಮೈಕ್ರೋಸ್ಕೋಪಿಗೆ ಎರಡು ಪೋಲರೈಸರ್ ಸಿಕ್ಕಿಸಿದರಾಯಿತು.

ಅಂದಹಾಗೆ, ಪ್ಲೇಟಿನ ಮೇಲಿರುವುದು ಪುಣೆ ಕಡೆಯ ಕ್ಯಾವನ್ಸೈಟ್ ಅನ್ನುವ ಖನಿಜ. ಬಿಳಿ ಸ್ಟಿಲ್‌ಬೈಟ್ ಅನ್ನುವ ಇನ್ನೊಂದು ಖನಿಜದ ಮೇಲೆ ಕಡು ನೀಲಿ ಹರಳು. ಆ ನೀಲಿಗೇ ಜಾಸ್ತಿ ದುಡ್ಡು ಕೊಟ್ಟಿದ್ದೆ. ಕೊಲೋಡಿಯನ್ನಿಗೆ ನೀಲಿಯೂ ಬಿಳಿಯೂ ಒಂದೇ ಅನ್ನುವುದು ಪ್ರಿಂಟ್ ಹಾಕಿದ ಮೇಲೆ ನೆನಪಾಯಿತು. ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಪ್ಪಾ, ಇದು ಹೂಕೋಸಾ?"